ಮಗು ಮಂಚದಿಂದ ಬಿತ್ತು. ತಲೆಗೆ ಪೆಟ್ಟಾಗದ ಹಾಗೆ ನಿಮ್ಮ ಮನೆಯಲ್ಲಿ ಏನೇನು ಮಾಡಿಕೊಂಡಿದ್ದೀರಿ?

ಚಿನ್ನಿಯ ಅಮ್ಮ:

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಸುಮ್ನೆ ಓದುತ್ತಾ ಇದ್ದೆ, ಬರೆಯುತ್ತಿರುವುದು ಮೊದಲ ಸಲ.

ಮೊನ್ನೆ ಶುಕ್ರವಾರ ಬೆಳಗ್ಗೆ ನನ್ನ ಮಗಳು ಮಂಚದಿಂದ ಬಿದ್ದಳು. ಎಂಟು ತಿಂಗಳು. ಮಲಗಿಸಿ, ಎರಡೂ ಕಡೆ ದಿಂಬು ಇಟ್ಟು, ಕುಕ್ಕರ್ ಆರಿಸಿ ಬರೋಣ ಅಂತ ಅಡುಗೆಮನೆಗೆ ಹೋಗಿದ್ದೆ. ದಬ್ ಅಂತ ಸದ್ದಾಯಿತು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅಳು. ಆ ನಡುವಿನ ಒಂದು ಕ್ಷಣ ಇದೆಯಲ್ಲ, ಅದು ನನಗೆ ಇನ್ನೂ ರಾತ್ರಿ ನಿದ್ದೆ ಮಾಡಲು ಬಿಡುತ್ತಿಲ್ಲ.

ತಕ್ಷಣ ಡಾಕ್ಟರ್ ಹತ್ತಿರ ಓಡಿದೆವು. ಹಣೆಯ ಮೇಲೆ ಒಂದು ಬುಗುಟು ಬಿಟ್ಟರೆ ಏನೂ ಇಲ್ಲ, ಸ್ಕ್ಯಾನ್ ಬೇಡ, ಒಂದು ದಿನ ಗಮನವಿಟ್ಟು ನೋಡಿಕೊಳ್ಳಿ ಅಂದರು. ಮಗು ಈಗ ಆರಾಮಾಗಿದೆ, ನಾನು ಇಲ್ಲ.

ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಮಾತು. ನಮ್ಮವರು ಮಂಚಕ್ಕೆ ಕಟ್ಟುವ ಬಟ್ಟೆ ಬೇಲಿ ಆನ್‌ಲೈನ್‌ನಲ್ಲಿ ತರಿಸೋಣ ಅನ್ನುತ್ತಾರೆ. ಅತ್ತೆ ವಾಕರ್ ತನ್ನಿ, ಅದರಲ್ಲಿ ಕೂರಿಸಿದರೆ ಮಗು ಬೀಳುವ ಮಾತೇ ಇಲ್ಲ ಅನ್ನುತ್ತಾರೆ. ಅದರ ಜೊತೆಗೆ ಮಾವನದ್ದು ಇನ್ನೊಂದು ಚಿಂತೆ. 71 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ, ಯುಗಾದಿ ದಿನ ಎಣ್ಣೆ ಸ್ನಾನ ಮಾಡುವಾಗ ಬಚ್ಚಲಲ್ಲಿ ಜಾರಿದ್ದರು. ಮೊಣಕೈ ತರಚಿತು, ಅಷ್ಟಕ್ಕೆ ಮುಗಿಯಿತು. ಭಾನುವಾರ ಭಾನುವಾರ ನಾವು ಮೂರೂ ಜನ ಸ್ಕೂಟರ್‌ನಲ್ಲಿ ನಮ್ಮಮ್ಮನ ಮನೆಗೆ ಹೋಗುತ್ತೇವೆ, ಮಗು ನನ್ನ ತೊಡೆ ಮೇಲೆ. ಇಷ್ಟು ದಿನ ಇದ್ಯಾವುದೂ ತಲೆಗೇ ಹೋಗಿರಲಿಲ್ಲ.

ಬಾಡಿಗೆ ಮನೆ, ಎರಡನೇ ಮಹಡಿ, ಎಲ್ಲ ಕಡೆ ವಿಟ್ರಿಫೈಡ್ ಟೈಲ್ಸ್. ಗೋಡೆಗೆ ಮೊಳೆ ಹೊಡೆದರೂ ಓನರ್ ಮುಖ ಊದಿಸಿಕೊಳ್ಳುತ್ತಾರೆ. ನಿಮ್ಮ ಮನೆಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಏನು, ದುಡ್ಡು ದಂಡ ಆಗಿದ್ದು ಏನು, ಸ್ವಲ್ಪ ಹೇಳಿ.

ಕೆಂಪುಮೆಣಸು:

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಈಗಿನವರದ್ದು ಎಲ್ಲ ಅತಿ. ನಮ್ಮ ಮನೆಯಲ್ಲಿ ನಾವು ಐದು ಜನ ಮಕ್ಕಳು. ಎಲ್ಲರೂ ಬಿದ್ದು ಎದ್ದೇ ಬೆಳೆದದ್ದು. ನನ್ನ ಹಣೆಯಲ್ಲಿ ಇನ್ನೂ ಗುರುತಿದೆ. ಬೀಳದ ಮಗು ಯಾವುದಿದೆ ಹೇಳಿ. ಬುಗುಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಸಂಜೆಗೆ ಇಳಿಯುತ್ತೆ.

ಗಾರೆ ಮೇಸ್ತ್ರಿ:

ಕೆಂಪುಮೆಣಸು ಅವರೇ, ನೀವು ಬಿದ್ದದ್ದು ಎಲ್ಲಿಂದ, ಎಲ್ಲಿಗೆ? ಅದನ್ನು ಹೇಳಿ ಮೊದಲು.

ನಾನು ಮನೆ ಕಟ್ಟಿಸುವ ಕೆಲಸ ಮಾಡುವವನು, ಇಪ್ಪತ್ತೆರಡು ವರ್ಷ ಆಯಿತು. ನಮ್ಮ ಅಜ್ಜಿ ಮನೆಯಲ್ಲಿ ಮಕ್ಕಳೆಲ್ಲ ಮಲಗುತ್ತಿದ್ದದ್ದು ಚಾಪೆ ಮೇಲೆ. ಉರುಳಿದರೆ ಚಾಪೆಯಿಂದ ನೆಲಕ್ಕೆ, ಅಂದರೆ ಬೆರಳು ದಪ್ಪದ ಎತ್ತರ. ನೆಲ ಕೂಡ ಸಗಣಿ ಸಾರಿಸಿದ ಮಣ್ಣು. ಈಗ ನಾನೇ ಕಟ್ಟಿಕೊಡುವ ಮನೆಯಲ್ಲಿ ಏನಿದೆ? ಒಂದೂವರೆ ಅಡಿ ಮಂಚ, ಅದರ ಮೇಲೆ ಎಂಟು ಇಂಚು ಹಾಸಿಗೆ, ಕೆಳಗೆ ಕಲ್ಲಿನಂಥ ಟೈಲ್ಸು. ಮಕ್ಕಳು ಬದಲಾಗಿಲ್ಲ ಸಾರ್, ಎತ್ತರ ಬದಲಾಗಿದೆ, ನೆಲ ಬದಲಾಗಿದೆ. ಬಿದ್ದು ಬೆಳೆದವರು ನಾವು ಇಲ್ಲಿ ಬರೆಯುತ್ತಿದ್ದೇವೆ, ಬಿದ್ದು ಬೆಳೆಯದೇ ಹೋದವರು ಬರೆಯಲು ಬರುವುದಿಲ್ಲ.

ಅದಕ್ಕೆ ತಂಗೀ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಒಂದೇ. ಬೇಲಿ ಕಟ್ಟಲು ಹೋಗಬೇಡ, ಎತ್ತರ ಇಳಿಸು. ಮಂಚ ಬಿಚ್ಚಿ ಹಾಸಿಗೆಯನ್ನು ನೆಲಕ್ಕೆ ಹಾಕು. ದುಡ್ಡು ಖರ್ಚಿಲ್ಲ, ಓನರ್ ಕೇಳುವ ಹಾಗಿಲ್ಲ. ಮಗುವಿಗೆ ಎರಡು ವರ್ಷ ಆಗುವವರೆಗೆ ಹಾಗೇ ಇರಲಿ. ಹಾಸಿಗೆ ಗೋಡೆಗೆ ಅರ್ಧಂಬರ್ಧ ತಾಗಿಸಿ ಇಡಬೇಡ, ಆ ಸಂದಿಯಲ್ಲಿ ಮಗು ಸಿಕ್ಕಿಕೊಳ್ಳುತ್ತೆ. ಕೋಣೆಯ ನಡುವೆ ಹಾಕಿಬಿಡು. ನಡೆದಾಡಲು ಜಾಗ ಇರಲ್ಲ, ಎಲ್ಲರೂ ಎಡವುತ್ತಾರೆ, ಅದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಇನ್ನು ಬಾಲ್ಕನಿ. ಗ್ರಿಲ್ಲಿನ ಕಂಬಿ ಅಡ್ಡಡ್ಡ ಇದೆಯೋ ಉದ್ದುದ್ದ ಇದೆಯೋ ನೋಡು. ಅಡ್ಡ ಕಂಬಿ ಅಂದರೆ ಮಗುವಿಗೆ ಅದು ಏಣಿ. ಡಿಸೈನ್ ಚೆನ್ನಾಗಿ ಕಾಣುತ್ತೆ ಅಂತ ಎಲ್ಲರೂ ಅದನ್ನೇ ಹಾಕಿಸುತ್ತಾರೆ, ನಾನು ಬೇಡ ಅಂದರೆ ಕೇಳುವುದಿಲ್ಲ. ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಸಂದಿ ಇರಬಾರದು. ಈಗಾಗಲೇ ಅಡ್ಡ ಕಂಬಿ ಇದ್ದರೆ ಒಳಗಿನಿಂದ ಬಲೆ ಕಟ್ಟಿಸು, ಪಾರಿವಾಳಕ್ಕೆ ಕಟ್ಟುತ್ತಾರಲ್ಲ ಅದಲ್ಲ, ಅದಕ್ಕಿಂತ ಗಟ್ಟಿ ನೈಲಾನ್ ಬಲೆ ಸಿಗುತ್ತೆ. ಮುಖ್ಯವಾಗಿ ಬಾಲ್ಕನಿಯಲ್ಲಿ ಸ್ಟೂಲು, ಹೂಕುಂಡ, ಹಳೇ ಪೇಪರ್ ಕಟ್ಟು, ವಾಷಿಂಗ್ ಮಷೀನು, ಹತ್ತಿ ನಿಲ್ಲಬಹುದಾದ ಯಾವುದನ್ನೂ ಗ್ರಿಲ್ ಪಕ್ಕ ಇಡಬೇಡ. ಕಿಟಕಿ ಕೆಳಗೆ ದಿವಾನ ಇದ್ದರೆ ಅದೂ ಅಷ್ಟೇ.

ಬಚ್ಚಲಿನ ವಿಷಯ ರಾತ್ರಿ ಬರೆಯುತ್ತೇನೆ, ಸೈಟಿನಲ್ಲಿ ಇದ್ದೇನೆ.

ರಿಟೈರ್ಡ್ ಸಿಸ್ಟರ್:

ನೋಡಮ್ಮ, ಮೊದಲು ಕೊಬ್ಬರಿ ಎಣ್ಣೆ ತಿಕ್ಕುವ ಮಾತು. ತಿಕ್ಕಬೇಡಿ, ದಯವಿಟ್ಟು. ಬುಗುಟು ಅಂದರೆ ಚರ್ಮದ ಕೆಳಗೆ ರಕ್ತ ಸೇರಿರುವುದು. ತಿಕ್ಕಿದರೆ ಇನ್ನಷ್ಟು ಹರಡುತ್ತೆ, ಮಗುವಿಗೆ ನೋವೂ ಜಾಸ್ತಿ. ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಮೆಲ್ಲಗೆ ಇಟ್ಟರೆ ಸಾಕು. ಗಾಯವಾಗಿ ರಕ್ತ ಬರುತ್ತಿದ್ದರೆ ಒಗೆದ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಕಾಫಿಪುಡಿ, ಸುಣ್ಣ, ಅರಿಶಿನ ಮೆತ್ತಿಕೊಂಡು ಬಂದವರ ಗಾಯ ತೊಳೆದು ತೊಳೆದೇ ನನ್ನ ಅರ್ಧ ಸರ್ವೀಸು ಮುಗಿಯಿತು. ನೆತ್ತಿಯ ಚರ್ಮದಲ್ಲಿ ರಕ್ತನಾಳ ಜಾಸ್ತಿ, ಚಿಕ್ಕ ಗಾಯಕ್ಕೂ ರಕ್ತ ಸುರಿಯುತ್ತೆ, ಅದನ್ನು ನೋಡಿ ಗಾಬರಿ ಬೇಡ. ಗಾಬರಿ ಆಗಬೇಕಾದದ್ದು ಬೇರೆ ಕೆಲವು ವಿಷಯಕ್ಕೆ.

ಜಿಲ್ಲಾ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ತುಂಬಾ ವರ್ಷ ಇದ್ದವಳು ನಾನು. ಬಿದ್ದ ತಕ್ಷಣ ಅತ್ತ ಮಗುವನ್ನು ನೋಡಿದರೆ ನಮಗೆ ಅರ್ಧ ಸಮಾಧಾನ. ಪೂರ್ತಿ ಸಮಾಧಾನ ಯಾಕಿಲ್ಲ ಅಂದರೆ, ಕೆಲವು ಸಲ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಸೇರುತ್ತಾ ಹೋಗುತ್ತೆ. ಒಂದೆರಡು ಗಂಟೆ ಆಡಿಕೊಂಡೇ ಇದ್ದು ಆಮೇಲೆ ಮಂಕಾಗುತ್ತಾರೆ. ಅದಕ್ಕೇ ಮೊದಲ ನಾಲ್ಕರಿಂದ ಆರು ಗಂಟೆ ಕಣ್ಣು ತೆಗೆಯಬಾರದು, 24 ಗಂಟೆ ಗಮನ ಇರಬೇಕು ಅನ್ನುವುದು.

ಏನು ನೋಡಬೇಕು? ಮತ್ತೆ ಮತ್ತೆ ವಾಂತಿ. ಎಬ್ಬಿಸಿದರೂ ಸರಿಯಾಗಿ ಏಳದೇ ಇರುವುದು. ಸಮಾಧಾನವೇ ಆಗದ ಕಿರುಚಾಟ, ಇಲ್ಲವೇ ಹಾಲು ಬೇಡ, ಅಮ್ಮ ಬೇಡ ಅನ್ನುವ ಹಾಗೆ ಸುಮ್ಮನೆ ಬಿದ್ದಿರುವುದು. ಫಿಟ್ಸ್. ಕಿವಿಯಿಂದ ಅಥವಾ ಮೂಗಿನಿಂದ ನೀರಿನಂಥದ್ದು, ರಕ್ತ ಬರುವುದು. ಒಂದು ಕಡೆ ಕೈಕಾಲು ಆಡಿಸದೇ ಇರುವುದು. ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ ಕಾಣುವುದು. ನೆತ್ತಿಯ ಸುಳಿ, ಅಂದರೆ ಎಲುಬು ಕೂಡದ ಮೆತ್ತನೆ ಜಾಗ, ಉಬ್ಬುವುದು, ಎಂಟು ತಿಂಗಳ ಮಗುವಿಗೆ ಅದು ಇನ್ನೂ ಕೂಡಿರುವುದಿಲ್ಲ, ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಕೂಡುತ್ತೆ. ಇದರಲ್ಲಿ ಯಾವುದು ಕಂಡರೂ ಯೋಚನೆ ಮಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ. ಬಿದ್ದಾಗ ಪ್ರಜ್ಞೆ ತಪ್ಪಿತ್ತು ಅಂದರೂ ಅಷ್ಟೇ. ಇನ್ನೊಂದು ಯಾರೂ ಹೇಳದ ವಿಷಯ. ಹಣೆಯ ಬುಗುಟಿಗಿಂತ, ಪಕ್ಕದಲ್ಲಿ ಕಿವಿಯ ಮೇಲೆ ಅಥವಾ ತಲೆಯ ಹಿಂದೆ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗೆ ಊದಿಕೊಂಡರೆ ಅದು ಜಾಸ್ತಿ ಯೋಚನೆಯ ಮಾತು. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ ಎಷ್ಟೇ ಚೆನ್ನಾಗಿ ಕಂಡರೂ ಒಂದು ಸಲ ತೋರಿಸಿಬಿಡಿ.

ಮಲಗಲು ಬಿಡಬಾರದು ಅಂತ ಮಗುವಿನ ಕೆನ್ನೆ ತಟ್ಟಿ ತಟ್ಟಿ ಎಬ್ಬಿಸುತ್ತಾ ಕೂರುತ್ತಾರೆ. ಬೇಕಿಲ್ಲ. ಮಗುವಿಗೆ ನಿದ್ದೆ ಹೊತ್ತಾಗಿದ್ದರೆ ಮಲಗಲಿ. ಡಾಕ್ಟರ್ ಹೇಳಿದಷ್ಟು ಹೊತ್ತಿಗೊಮ್ಮೆ ಸ್ವಲ್ಪ ಅಲುಗಾಡಿಸಿ, ಮುಖ ಕಿವುಚಿ ಸಿಡುಕಿದರೆ ಸಾಕು, ಅದೇ ಒಳ್ಳೆ ಲಕ್ಷಣ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ.

ನಿಮ್ಮ ಡಾಕ್ಟರ್ ಸ್ಕ್ಯಾನ್ ಬೇಡ ಅಂದದ್ದು ಸರಿಯಾಗಿದೆ. ಎಷ್ಟೋ ಜನ ಜಗಳ ಮಾಡಿ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಅದರಲ್ಲಿ ವಿಕಿರಣ ಇರುತ್ತೆ, ಚಿಕ್ಕ ಮಕ್ಕಳಿಗೆ ಸುಮ್ನೆ ಮಾಡಿಸುವಂಥದ್ದಲ್ಲ.

ಮಂಚದ ಬೇಲಿ ಬಗ್ಗೆ. ಅದು ಎರಡು ವರ್ಷ ದಾಟಿದ, ತಾನಾಗಿ ಹತ್ತಿ ಇಳಿಯುವ ಮಕ್ಕಳಿಗೆ. ಎಂಟು ತಿಂಗಳ ಕೂಸು ಹಾಸಿಗೆಗೂ ಬೇಲಿಗೂ ನಡುವೆ ಸಿಕ್ಕಿಕೊಂಡು ಉಸಿರು ಕಟ್ಟಬಹುದು. ದಿಂಬೂ ಬೇಡ, ಮುಖಕ್ಕೆ ಒತ್ತಿಕೊಳ್ಳುತ್ತೆ, ಸ್ವಲ್ಪ ದೊಡ್ಡದಾದ ಮೇಲೆ ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ ಆಚೆ ಬೀಳುತ್ತೆ. ಮೇಸ್ತ್ರಿಗಳು ಹೇಳಿದ್ದೇ ಸರಿ, ಹಾಸಿಗೆ ನೆಲಕ್ಕೆ ಬರಲಿ.

ಮಕ್ಕಳು ಯಾಕೆ ತಲೆಯನ್ನೇ ಕೆಳಗೆ ಮಾಡಿಕೊಂಡು ಬೀಳುತ್ತಾರೆ ಅಂತ ಕೇಳುತ್ತಾರೆ. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ನಮ್ಮಂಥ ದೊಡ್ಡವರಿಗೆ ಎಂಟರಲ್ಲಿ ಒಂದು ಭಾಗ. ಭಾರ ಇರುವ ಕಡೆಯೇ ಮೊದಲು ನೆಲಕ್ಕೆ ಹೋಗುತ್ತೆ, ಅಷ್ಟೇ.

ಟೊರಾಂಟೊ ತಿಂಡಿಪೋತ:

ವಾಕರ್ ಅಂತ ಕೇಳಿದ ಕೂಡಲೇ ಬರೆಯಲು ಕೂತೆ. ಅಕ್ಕ, ನಾವಿರುವ ಕೆನಡಾದಲ್ಲಿ ಗಾಲಿ ಇರುವ ಬೇಬಿ ವಾಕರ್ 2004ರಿಂದ ನಿಷೇಧ. ಮಾರುವ ಹಾಗಿಲ್ಲ, ಹೊರಗಿನಿಂದ ತರಿಸುವ ಹಾಗಿಲ್ಲ, ಬಳಸಿದ್ದನ್ನು ಮನೆ ಮುಂದೆ ಇಟ್ಟು ಮಾರಿದರೂ ತಪ್ಪು. ನಮಗೆ ಇದು ಗೊತ್ತೇ ಇರಲಿಲ್ಲ. ನನ್ನ ಅಮ್ಮ ಮೊದಲ ಮೊಮ್ಮಗನನ್ನು ನೋಡಲು ಬರುವಾಗ ಮೈಸೂರಿನಿಂದ ಒಂದು ವಾಕರ್ ಬಿಚ್ಚಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬರುವುದರಲ್ಲಿದ್ದರು. ಹೊರಡುವ ಎರಡು ದಿನ ಮೊದಲು ಇಲ್ಲಿನ ಕನ್ನಡದ ಗೆಳತಿಯೊಬ್ಬಳು ಹೇಳಿದಳು, ಅಮ್ಮ ಅದನ್ನು ತೆಗೆದಿಟ್ಟು ಆ ಜಾಗಕ್ಕೆ ಚಕ್ಕುಲಿ ತುಂಬಿದರು. ನಮಗೆ ಲಾಭವೇ.

ಯಾಕೆ ನಿಷೇಧ ಅಂದರೆ ಮೆಟ್ಟಿಲು. ವಾಕರ್‌ನಲ್ಲಿ ಕೂತ ಮಗು ಒಂದು ಸೆಕೆಂಡಿಗೆ ಮೂರು ಅಡಿಗಿಂತ ಜಾಸ್ತಿ ಹೋಗಬಲ್ಲದು. ನೀವು ಪಕ್ಕದಲ್ಲೇ ಇದ್ದರೂ ಹಿಡಿಯಲು ಆಗಲ್ಲ. ಗಾಲಿ ಹೊಸ್ತಿಲಿಗೋ ಕಾರ್ಪೆಟ್ ಅಂಚಿಗೋ ತಗುಲಿದರೆ ವಾಕರ್ ಸಮೇತ ಮುಗ್ಗರಿಸುತ್ತೆ. ನೀವಂತೂ ಎರಡನೇ ಮಹಡಿ. ಅಮೆರಿಕದ ಮಕ್ಕಳ ಡಾಕ್ಟರುಗಳ ಅಕಾಡೆಮಿ ಕೂಡ ಅಲ್ಲಿ ಇದನ್ನು ನಿಷೇಧಿಸಿ ಅಂತ ಹೇಳುತ್ತಲೇ ಇದೆ. ಇನ್ನೊಂದು, ವಾಕರ್‌ನಲ್ಲಿ ಕೂರಿಸಿದರೆ ಬೇಗ ನಡೆಯುತ್ತೆ ಅನ್ನುವುದೂ ಸುಳ್ಳು.

ಅತ್ತೆಗೆ ಬೇಜಾರಾಗದ ಹಾಗೆ ಹೇಳಬೇಕು ಅಂದರೆ, ಚನ್ನಪಟ್ಟಣದ ಮರದ ತಳ್ಳುಗಾಡಿ ತರಿಸಿ. ಮಗು ತಾನಾಗಿ ಹಿಡಿದು ನಿಲ್ಲಲು ಶುರು ಮಾಡಿದ ಮೇಲೆ ಅದನ್ನು ತಳ್ಳಿಕೊಂಡು ಹೋಗುತ್ತೆ. ಮಗು ಗಾಡಿಯ ಒಳಗೆ ಇರಲ್ಲ, ಹಿಂದೆ ಇರುತ್ತೆ, ಅದೇ ವ್ಯತ್ಯಾಸ. ಅದನ್ನೂ ಮೆಟ್ಟಿಲ ಹತ್ತಿರ ಬಿಡಬಾರದು, ಬಾಗಿಲು ಹಾಕಿರಬೇಕು.

ಗಾರೆ ಮೇಸ್ತ್ರಿ:

ಬಚ್ಚಲಿನ ವಿಷಯ ಬಾಕಿ ಇತ್ತು.

ಬಾಡಿಗೆ ಮನೆಯಲ್ಲಿ ಟೈಲ್ಸ್ ಕೀಳಲು ಆಗಲ್ಲ. ಆದರೆ ಪಾಚಿ ಕೀಳಬಹುದಲ್ಲ? ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಬೇಕು. ಕೆಳಗೆ ಬಟ್ಟಲು ಬಟ್ಟಲಾಗಿ ಹಿಡಿತ ಇರುವ ರಬ್ಬರ್ ಮ್ಯಾಟ್ ಹಾಕಿ, ಅದನ್ನೂ ದಿನಾ ಎತ್ತಿ ಒಣಗಿಸಿ, ಇಲ್ಲದಿದ್ದರೆ ಅದರ ಅಡಿಯಲ್ಲೇ ಪಾಚಿ ಕಟ್ಟಿ ಮ್ಯಾಟೇ ಜಾರುತ್ತೆ. ಎಣ್ಣೆ ಸ್ನಾನದ ದಿನ ಹಿರಿಯರು ನಿಂತು ಸ್ನಾನ ಮಾಡುವುದೇ ಬೇಡ. ಒಂದು ಮರದ ಮಣೆ ಅಥವಾ ಗಟ್ಟಿ ಸ್ಟೂಲು, ಕೂತು ಮಾಡಲಿ. ಮುಗಿದ ಮೇಲೆ ಸೀಗೆಪುಡಿ ಚೆಲ್ಲಿ ಬಿಸಿನೀರು ಹಾಕಿ ನೆಲ ತೊಳೆದು ಆಮೇಲೆ ಇನ್ನೊಬ್ಬರು ಹೋಗಬೇಕು. ಹಬ್ಬದ ದಿನ ಒಬ್ಬರ ಹಿಂದೆ ಒಬ್ಬರು ನುಗ್ಗುವುದರಿಂದಲೇ ಎಡವಟ್ಟು ಆಗುವುದು.

ಹಿಡಿದುಕೊಳ್ಳಲು ಸ್ಟೀಲ್ ಹಿಡಿ ಬೇಕು. ಟವೆಲ್ ರಾಡು ಹಿಡಿ ಅಲ್ಲ, ಅದು ಟವೆಲಿಗೆ. ಮೈಭಾರ ಬಿದ್ದರೆ ಗೋಡೆಯಿಂದ ಕಿತ್ತುಕೊಂಡು ಬರುತ್ತೆ, ಆಮೇಲೆ ಮನುಷ್ಯನೂ ಬಿದ್ದ, ಮೇಲಿಂದ ರಾಡೂ ಬಿತ್ತು. ಗಾಳಿ ಎಳೆದು ಅಂಟಿಸುವ ಪ್ಲಾಸ್ಟಿಕ್ ಹಿಡಿಯನ್ನೂ ನಂಬಬೇಡಿ. ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು, ಪ್ಲಾಸ್ಟರಿಂಗ್ ದಾಟಿ ಇಟ್ಟಿಗೆಯೊಳಗೆ ಹೋಗುವ ಹಾಗೆ ಡ್ರಿಲ್ ಮಾಡಿಸಿ ಕೂರಿಸಬೇಕು. ಓನರ್‌ಗೆ ನಾನೇ ಹೇಳಿದೆ ಅಂತ ಹೇಳು ತಂಗೀ. ಬೇಕಾದರೆ ಮನೆ ಬಿಡುವಾಗ ಬಿಟ್ಟು ಹೋಗುತ್ತೇವೆ ಅನ್ನು, ಯಾವ ಓನರ್ ಬೇಡ ಅನ್ನುತ್ತಾನೆ ನೋಡೋಣ.

ಕೊನೆಗೆ ಪ್ಲಾಸ್ಟಿಕ್ ಕುರ್ಚಿ. ಬಲ್ಬ್ ಬದಲಿಸಲು, ಫ್ಯಾನ್ ಒರೆಸಲು, ಅಟ್ಟದಿಂದ ಪಾತ್ರೆ ಇಳಿಸಲು ಎಲ್ಲರೂ ಹತ್ತುವುದು ಅದನ್ನೇ. ನುಣುಪು ಟೈಲ್ಸ್ ಮೇಲೆ ಅದರ ಕಾಲು ನಾಲ್ಕೂ ಕಡೆ ಹಿಗ್ಗುತ್ತೆ, ಹಳೆಯದಾದರೆ ಟಪ್ ಅಂತ ಮುರಿಯುತ್ತೆ. ನಾನು ನೋಡಿರುವ ಮನೆಯ ಬೀಳಾಟಗಳಲ್ಲಿ ಅರ್ಧ ಅದರದ್ದೇ. ಮೂರು ಮೆಟ್ಟಿಲ ಚಿಕ್ಕ ಏಣಿ ತಗೊಳ್ಳಿ. ಭಾರದ ಪಾತ್ರೆ, ಹಿತ್ತಾಳೆ ಕೊಳಗ ಅಟ್ಟದ ಮೇಲೆ ಬೇಡವೇ ಬೇಡ.

ಭದ್ರಾವತಿ ಮಗ:

ಹಿರಿಯರ ವಿಷಯ ಬಂತು ಅಂತ ನಮ್ಮ ಅಪ್ಪಾಜಿಯ ಕಥೆ ಹೇಳುತ್ತೇನೆ. ಉದ್ದ ಆಗುತ್ತೆ, ಕ್ಷಮಿಸಿ.

ಅಪ್ಪಾಜಿಗೆ 74. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳ್ಳಗಾಗುವ ಮಾತ್ರೆ ನಡೆಯುತ್ತಿತ್ತು. ಒಂದು ದಿನ ಬೆಳಗಿನ ಜಾವ ಬಚ್ಚಲಿಗೆ ಹೋಗಿ ಬರುವಾಗ ಹೊಸ್ತಿಲು ಎಡವಿ ಬಾಗಿಲಿನ ಚೌಕಟ್ಟಿಗೆ ತಲೆ ತಗುಲಿಸಿಕೊಂಡರು. ರಕ್ತ ಇಲ್ಲ, ಬುಗುಟೂ ಇಲ್ಲ. ಕಾಫಿ ಕುಡಿದರು, ಪೇಪರ್ ಓದಿದರು. ನಾವು ಮರೆತೇಬಿಟ್ಟೆವು. ಮೂರು ವಾರ ಆದ ಮೇಲೆ ಒಂದು ಸಂಜೆ ಹಾಲ್‌ನಿಂದ ಅಡುಗೆಮನೆಗೆ ಬಂದು ನೀರು ಕೇಳಿದರು. ನೋಡಿದರೆ ಬಲಗಾಲಿನಲ್ಲಿ ಮಾತ್ರ ಚಪ್ಪಲಿ ಇದೆ. ಎಡಗಾಲಿನದ್ದು ಹಾಲ್ ಮಧ್ಯದಲ್ಲೇ ಉಳಿದಿದೆ. "ಅಪ್ಪಾಜಿ, ಒಂದು ಚಪ್ಪಲಿ ಬಿಟ್ಟು ಬಂದಿದ್ದೀರಿ" ಅಂದೆ. ಕೆಳಗೆ ನೋಡಿಕೊಂಡು ನಕ್ಕರು. ಅವರಿಗೆ ಗೊತ್ತೇ ಆಗಿರಲಿಲ್ಲ. ಅದಕ್ಕೂ ಮೊದಲು ನಾಲ್ಕೈದು ದಿನದಿಂದ ಜಾಸ್ತಿ ನಿದ್ದೆ ಮಾಡುತ್ತಿದ್ದರು, ಮಾತಿನ ಮಧ್ಯೆ ತಡವರಿಸುತ್ತಿದ್ದರು, ನಾವು ವಯಸ್ಸಾಯಿತು, ಮರೆವು ಅಂದುಕೊಂಡಿದ್ದೆವು.

ಸ್ಕ್ಯಾನ್ ಮಾಡಿದರೆ ಮಿದುಳಿನ ಮೇಲ್ಗಡೆ ಹಳೇ ರಕ್ತ ಹೆಪ್ಪುಗಟ್ಟಿ, ಆಮೇಲೆ ತೆಳ್ಳಗಾಗಿ ತುಂಬಿಕೊಂಡಿತ್ತು. ಡಾಕ್ಟರ್ ಹೇಳಿದ್ದು ಇದು. ವಯಸ್ಸಾದ ಹಾಗೆ ಮಿದುಳು ಸ್ವಲ್ಪ ಕುಗ್ಗುತ್ತೆ, ಮಿದುಳಿಗೂ ಬುರುಡೆಗೂ ನಡುವೆ ಇರುವ ಸಣ್ಣ ರಕ್ತನಾಳಗಳು ಎಳೆದುಕೊಂಡ ಹಾಗೆ ಇರುತ್ತವೆ, ಸಣ್ಣ ಪೆಟ್ಟಿಗೂ ಕಿತ್ತು ರಕ್ತ ಹನಿ ಹನಿಯಾಗಿ ಒಸರುತ್ತೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನಿಲ್ಲುವುದೂ ಕಷ್ಟ. ವಾರಗಟ್ಟಲೆ ಗೊತ್ತಾಗಲ್ಲ. ಬುರುಡೆಗೆ ಸಣ್ಣ ತೂತು ಮಾಡಿ ಅದನ್ನು ತೆಗೆದರು. ಅಪ್ಪಾಜಿ ಒಂದು ವಾರದಲ್ಲಿ ಮನೆಗೆ ಬಂದರು, ಈಗ ಎರಡೂ ಚಪ್ಪಲಿ ಹಾಕಿಕೊಂಡೇ ವಾಕಿಂಗ್ ಹೋಗುತ್ತಾರೆ.

ಆದ್ದರಿಂದ ಅಕ್ಕ, ನಿಮ್ಮ ಮಾವ ಯಾವ ಯಾವ ಮಾತ್ರೆ ತಗೊಳ್ತಾರೆ ಅಂತ ಒಂದು ಸಲ ಚೀಟಿ ತೆಗೆದು ನೋಡಿ. ಬಿಪಿ ಮಾತ್ರೆ ಮಾತ್ರವೋ, ಜೊತೆಗೆ ರಕ್ತ ತೆಳು ಮಾಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ್ದು ಇದೆಯೋ. ಇದ್ದರೆ ತಲೆಗೆ ಎಷ್ಟು ಸಣ್ಣ ಪೆಟ್ಟಾದರೂ ಡಾಕ್ಟರ್‌ಗೆ ಹೇಳಲೇಬೇಕು. ನೀವಾಗಿ ಮಾತ್ರೆ ನಿಲ್ಲಿಸಬೇಡಿ ಮತ್ತೆ, ಅದು ಇನ್ನೊಂದು ಅಪಾಯ. ಬಿಪಿ ಮಾತ್ರೆ ತಗೊಳ್ಳುವವರು ಹಾಸಿಗೆಯಿಂದ ಗಬಕ್ಕನೆ ಎದ್ದರೆ ತಲೆ ಸುತ್ತುತ್ತೆ. ಎದ್ದು ಒಂದು ನಿಮಿಷ ಕಾಲು ಕೆಳಗೆ ಬಿಟ್ಟು ಕೂತು ಆಮೇಲೆ ನಿಲ್ಲಬೇಕು. ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಲೈಟ್ ಹಾಕಿ. ನಮ್ಮ ಮನೆಯಲ್ಲಿ "ನಿದ್ದೆ ಬರಲ್ಲ, ಕರೆಂಟ್ ದಂಡ" ಅಂತ ಅಪ್ಪಾಜಿ ಎರಡು ವಾರ ದಿನಾ ಆರಿಸುತ್ತಿದ್ದರು. ಕೊನೆಗೆ ಸ್ವಿಚ್ ಮೇಲೆ ಟೇಪ್ ಅಂಟಿಸಿದೆ.

ಹಳೇ ಸ್ಕೂಟರು:

ಸ್ಕೂಟರ್ ವಿಷಯಕ್ಕೆ ಯಾರೂ ಕೈ ಹಾಕಲಿಲ್ಲ. ನನ್ನ ಪ್ರಕಾರ ನಿಮ್ಮ ಮನೆಯ ದೊಡ್ಡ ಅಪಾಯ ಮಂಚ ಅಲ್ಲ, ಆ ಭಾನುವಾರದ ಸವಾರಿ.

ಕಾನೂನು ಏನು ಹೇಳುತ್ತೆ ಕೇಳಿ. ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ 2016ರಿಂದಲೇ ಕಡ್ಡಾಯ ಮಾಡಿದ್ದಾರೆ. ನಾಲ್ಕು ವರ್ಷದೊಳಗಿನ ಮಕ್ಕಳ ಬಗ್ಗೆ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಯಮ ಮಾಡಿತು, 2023ರ ಫೆಬ್ರವರಿಯಿಂದ ಜಾರಿ. ಒಂಬತ್ತು ತಿಂಗಳು ದಾಟಿದ ಮಗುವಿಗೆ ತಲೆಗೆ ಸರಿಹೋಗುವ ಹೆಲ್ಮೆಟ್ ಇರಬೇಕು, ಸೈಕಲ್ ಹೆಲ್ಮೆಟ್ ಕೂಡ ನಡೆಯುತ್ತೆ. ಮಗುವನ್ನು ಓಡಿಸುವವರ ಬೆನ್ನಿಗೆ ಕಟ್ಟುವ ಬೆಲ್ಟಿನ ಅಂಗಿ ಇರಬೇಕು, ಅದು 30 ಕೆಜಿ ತಡೆಯುವಂತಿರಬೇಕು. ಗಾಡಿ 40 ಕಿಲೋಮೀಟರ್ ವೇಗ ದಾಟಬಾರದು. ರಸ್ತೆಯಲ್ಲಿ ಎಷ್ಟು ಜನ ಹೀಗೆ ಹೋಗುತ್ತಾರೆ ಅಂತ ಕೇಳಬೇಡಿ, ನಾನೂ ದಿನಾ ನೋಡುತ್ತೇನೆ. ಅಪ್ಪ ಅಮ್ಮ ಇಬ್ಬರಿಗೂ ಹೆಲ್ಮೆಟ್, ಮುಂದೆ ನಿಂತಿರುವ ಮಗುವಿನ ತಲೆ ಮಾತ್ರ ಬರಿದು. ಬ್ರೇಕ್ ಹೊಡೆದರೆ ಮೊದಲು ಮೀಟರಿಗೆ ಬಡಿಯುವುದು ಆ ತಲೆಯೇ ಅಲ್ವಾ?

ನಿಮ್ಮ ಮಗಳಿಗೆ ಎಂಟೇ ತಿಂಗಳು. ಈ ವಯಸ್ಸಿನ ಕತ್ತು ಹೆಲ್ಮೆಟ್ ಭಾರ ತಡೆಯುವಂಥದ್ದಲ್ಲ. ಅದಕ್ಕೆ ಸ್ಕೂಟರ್ ಸದ್ಯ ಬೇಡವೇ ಬೇಡ. ಬಸ್ ಇದೆ, ಇಲ್ಲವೇ ಭಾನುವಾರ ನಿಮ್ಮಮ್ಮನೇ ಬರಲಿ. ಅದರಲ್ಲೂ ಒಂದು ಕಡೆ ಕಾಲು ಹಾಕಿ ಕೂತು, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬ್ಯಾಗು, ಸೆರಗೋ ದುಪಟ್ಟಾವೋ ಚಕ್ರದ ಹತ್ತಿರ ಹಾರುತ್ತಾ ಹೋಗುವುದು. ಬಣ್ಣ ಬಳಿಯದ ಒಂದು ಹಂಪು ಸಾಕು.

ಹೆಲ್ಮೆಟ್ ತಗೊಳ್ಳುವಾಗ ಐಎಸ್‌ಐ ಗುರುತು, ಪಕ್ಕದಲ್ಲಿ ಐಎಸ್ 4151 ಅನ್ನುವ ನಂಬರ್ ನೋಡಿ. 2021ರ ಜೂನ್‌ನಿಂದ ಅದಿಲ್ಲದ್ದನ್ನು ಮಾರುವುದೇ ತಪ್ಪು, ಆದರೂ ರಸ್ತೆ ಬದಿಯಲ್ಲಿ ಟೋಪಿ ಥರದ್ದು ರಾಶಿ ಹಾಕಿರುತ್ತಾರೆ. ಸೈಕಲ್ ಹೆಲ್ಮೆಟ್‌ಗೆ ಈ ನಂಬರ್ ಇರಲ್ಲ, ಅದಕ್ಕೆ ಬೇರೆ ಮಾನದಂಡ. ಒಳಗೆ ಬೆರಳಿಂದ ಒತ್ತಿ ನೋಡಿ. ಬಟ್ಟೆಯ ಹಿಂದೆ ದಪ್ಪ ಥರ್ಮಾಕೋಲ್ ಇರಬೇಕು, ಬರೀ ಸ್ಪಂಜ್ ಅಲ್ಲ. ಬಿದ್ದಾಗ ಆ ಥರ್ಮಾಕೋಲ್ ಜಜ್ಜಿಹೋಗಿ ಪೆಟ್ಟು ತಾನು ತಗೊಳ್ಳುತ್ತೆ, ಅದಕ್ಕೇ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬಿಸಾಡಬೇಕು. ಹೆಲ್ಮೆಟ್ ಹಾಕಿ ತಲೆ ಅಲ್ಲಾಡಿಸಿದರೆ ತಲೆ ಜೊತೆಗೇ ತಿರುಗಬೇಕು, ಹುಬ್ಬಿನಿಂದ ಎರಡು ಬೆರಳು ಮೇಲೆ ನಿಲ್ಲಬೇಕು, ಗಲ್ಲದ ಕೆಳಗೆ ಬೆಲ್ಟ್ ಹಾಕಿರಬೇಕು. ಬೆಲ್ಟ್ ಹಾಕದ ಹೆಲ್ಮೆಟ್ ಬೀಳುವಾಗ ನಮಗಿಂತ ಮೊದಲು ಹಾರಿಹೋಗುತ್ತೆ. ಮೊಣಕೈಗೆ ಸಿಕ್ಕಿಸಿಕೊಂಡು ಹೋಗುವವರಿಗೆ ಏನು ಹೇಳುವುದು ಬಿಡಿ.

ಸಿದ್ದಾಪುರದ ಕಡೆಯವ:

ನಮ್ಮದು ಅಡಿಕೆ ತೋಟದ ಹಳೇ ಮನೆ. ಬಾಗಿಲುಗಳೆಲ್ಲ ತಗ್ಗು. ತಲೆ ಬಾಗಿಸಿ ಬರಬೇಕು, ಅದಕ್ಕೇ ತಲೆಬಾಗಿಲು ಅನ್ನುವುದು ಅಂತ ಅಜ್ಜ ತಮಾಷೆ ಮಾಡುತ್ತಿದ್ದರು. ಬೆಂಗಳೂರಿನಿಂದ ಬಂದ ಪ್ರತಿ ಅಳಿಯನೂ ಮೊದಲ ದಿನ ಒಂದು ಸಲ ಬಡಿಸಿಕೊಳ್ಳುತ್ತಾನೆ. ಈಗ ಮೇಲಿನ ಪಟ್ಟಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಹೊಡೆದಿದ್ದೇವೆ.

ಒಂದೇ ಮಾತು ಸೇರಿಸುತ್ತೇನೆ. ಮಗುವನ್ನು ಎತ್ತಿ ಮೇಲಕ್ಕೆ ಹಾರಿಸಿ ಆಡಿಸುವ ಮಾವಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಮೇಲೆ ಫ್ಯಾನ್ ತಿರುಗುತ್ತಿರುತ್ತೆ. ಮೊದಲು ಮೇಲೆ ನೋಡಿ, ಆಮೇಲೆ ಮಗುವನ್ನು ಎತ್ತಿ.

ಕೆಂಪುಮೆಣಸು:

ಮೇಸ್ತ್ರಿಗಳೇ, ಚಾಪೆ ಮಾತು ಒಪ್ಪಿದೆ. ನಾನು ಬಿದ್ದದ್ದು ಜಗುಲಿಯಿಂದ, ಅಂಗಳದ ಮಣ್ಣಿಗೆ. ಅಮ್ಮನನ್ನು ಈಗ ಫೋನ್ ಮಾಡಿ ಕೇಳಿದೆ. "ನಿನಗೆ ಎರಡು ದಿನ ವಾಂತಿ ಆಗಿತ್ತು ಕಣೋ, ನಿಮ್ಮಪ್ಪ ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿದ್ದರು" ಅಂದರು. ಇಷ್ಟು ವರ್ಷ ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಚಿನ್ನಿಯ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್ ಬರೆದದ್ದನ್ನು ನಮ್ಮವರಿಗೆ ಜೋರಾಗಿ ಓದಿ ಹೇಳಿದೆ, ಆ ಲಕ್ಷಣಗಳನ್ನು ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಬೇಲಿ ಆರ್ಡರ್ ಕ್ಯಾನ್ಸಲ್ ಆಯಿತು.

ಅತ್ತೆಯ ಹತ್ತಿರ ವಾಕರ್ ಬೇಡ ಅಂದಾಗ ಮೊದಲು ಮುಖ ಚಿಕ್ಕದಾಯಿತು. ಕೆನಡಾದಲ್ಲಿ ಸರ್ಕಾರವೇ ಬೇಡ ಅಂದಿದೆಯಂತೆ, ಚನ್ನಪಟ್ಟಣದ್ದು ತರೋಣ ಅಂದೆ. "ನಿಮ್ಮ ಯಜಮಾನರು ನಡೆದದ್ದೇ ಅದನ್ನು ಹಿಡಿದುಕೊಂಡು" ಅಂತ ಈಗ ಅದು ಅವರದ್ದೇ ಐಡಿಯಾ ಆಗಿದೆ. ಮಾವನ ಚೀಟಿ ನೋಡಿದೆವು, ಆಸ್ಪಿರಿನ್ ಇದೆ! ನಮಗೆ ಗೊತ್ತೇ ಇರಲಿಲ್ಲ. ಯುಗಾದಿಗೆ ಬಿದ್ದಾಗ ತಲೆ ತಗುಲಿರಲಿಲ್ಲ ಅನ್ನುತ್ತಾರೆ, ಆದರೂ ಈ ವಾರ ಡಾಕ್ಟರ್ ಹತ್ತಿರ ಒಂದು ಸಲ ಹೇಳಿ ಬರುತ್ತೇವೆ. ಬಚ್ಚಲಿಗೆ ಎರಡು ಹಿಡಿ ಹಾಕಿಸಲು ಓನರ್ ಒಪ್ಪಿದರು, ಬಿಟ್ಟು ಹೋಗುತ್ತೇವೆ ಅಂದ ಮೇಲೆ. ಈ ಭಾನುವಾರ ಅಮ್ಮನೇ ಬಂದಿದ್ದರು.

ಹಾಸಿಗೆ ನಿನ್ನೆಯಿಂದ ನೆಲದ ಮೇಲಿದೆ. ರಾತ್ರಿ ಚಿನ್ನಿ ಎರಡು ಸಲ ಉರುಳಿ ಕೆಳಗೆ ಬಂದಳು, ಎಚ್ಚರವೇ ಆಗಲಿಲ್ಲ, ಟೈಲ್ಸ್ ಮೇಲೇ ನಿದ್ದೆ ಮುಂದುವರಿಸಿದಳು. ಮಂಚ ಬಿಚ್ಚಿ ಅದರ ದೊಡ್ಡ ಪ್ಲೈವುಡ್ ಹಲಗೆಗಳನ್ನು ಹಾಲ್‌ನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದೇವೆ, ಸದ್ಯಕ್ಕೆ ಬೇರೆ ಜಾಗ ಇಲ್ಲ.

ಗಾರೆ ಮೇಸ್ತ್ರಿ:

ತಂಗೀ, ಒರಗಿಸಿ ಅಂದೆಯಾ? ಅದು ಮಗು ಹಿಡಿದು ನಿಲ್ಲಲು ಶುರು ಮಾಡುವ ವಯಸ್ಸು. ಮೊದಲು ಹಿಡಿಯುವುದೇ ಆ ಹಲಗೆಯ ಅಂಚನ್ನು. ಈಗಲೇ ಎದ್ದು ಅದನ್ನು ಮಲಗಿಸು. ಬೀರು, ಟಿವಿ ಸ್ಟ್ಯಾಂಡು ಅಲ್ಲಾಡುತ್ತಾ ಅಂತಲೂ ಹಾಗೇ ಒಂದು ಸಲ ಎಳೆದು ನೋಡು.

ಚಿನ್ನಿಯ ಅಮ್ಮ:

ಅಯ್ಯೋ ದೇವರೇ. ಬರೆದು ಮುಗಿಸುವಷ್ಟರಲ್ಲಿ ಅಂಬೆಗಾಲಿಟ್ಟುಕೊಂಡು ಅಲ್ಲಿಗೇ ಹೊರಟಿದ್ದಳು. ಹಲಗೆಗಳು ಈಗ ಎದುರು ಮನೆಯವರ ಸ್ಟೋರ್ ರೂಮಿನಲ್ಲಿವೆ. ಅವರ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ, ಎರಡು ಬೆಕ್ಕಿವೆ. ಹಲಗೆ ನೆಲಕ್ಕೇ ಮಲಗಿಸಿ ಬಂದಿದ್ದೇನೆ. ಬೀರು ಅಲ್ಲಾಡುತ್ತೆ. ನಾಳೆ ಓನರ್ ಹತ್ತಿರ ಒಂದು ಮೊಳೆ ಕೇಳಬೇಕು.